ಒಂದೇ ದಿನದಲ್ಲಿ ತೇಲುವ ಮಾರುಕಟ್ಟೆ ತೋರಿಸುತ್ತೇವೆ ಎಂದರೆ ನಂಬಬೇಡಿ

ಕಾಫಿ ಕುಯ್ಲು ಮುಗಿದು ಹೂಮಳೆಯೂ ಬಂದ ಮೇಲೆ ನಮ್ಮ ಕಡೆಯಿಂದ ಯಾರಾದರೂ ವಿಯೆಟ್ನಾಂಗೆ ಹೊರಡುವುದಿದ್ದರೆ, ಏಜೆಂಟನಿಗೆ ಮುಂಗಡ ಕೊಡುವ ಮೊದಲು ಇದನ್ನು ಓದಿ. ನಾನೂ ನನ್ನ ಶಾಲಾ ಗೆಳೆಯನೂ ಏಪ್ರಿಲ್‌ನಲ್ಲಿ ಹೋಗಿ ಪೆಟ್ಟು ತಿಂದು ಬಂದಿದ್ದೇವೆ. ಜಗತ್ತಿನಲ್ಲೇ ಅತಿ ಹೆಚ್ಚು ರೊಬಸ್ಟಾ ಬೆಳೆಯುವ ದೇಶ, ತೋಟಗಳನ್ನೂ ನೋಡಿಬರೋಣ ಎಂಬ ಆಸೆ ನಮಗಿತ್ತು. ಆ ತೋಟಗಳಿರುವುದು ದೂರದ ಬೆಟ್ಟಸೀಮೆಯಲ್ಲಿ, ನಾವು ಹೋಗುತ್ತಿದ್ದ ಮೆಕಾಂಗ್ ಮುಖಜಭೂಮಿಯಲ್ಲಿ ಅಲ್ಲ ಎಂಬುದು ತಿಳಿದದ್ದು ಅಲ್ಲಿ ಇಳಿದ ಮೇಲೆ. ಅದು ನಮ್ಮ ದಡ್ಡತನ, ಬಿಡಿ.

ಏಜೆಂಟ್ ನಮ್ಮ ಜಿಲ್ಲೆಯವನೇ. ವಾಟ್ಸ್‌ಆಪ್‌ನಲ್ಲಿ ಅನಾನಸ್ ತುಂಬಿದ ದೋಣಿಗಳ ಚಿತ್ರ ಕಳುಹಿಸಿ, ‘ಹೋ ಚಿ ಮಿನ್ ನಗರದಿಂದ ಬೆಳಿಗ್ಗೆ ಹೊರಟು, ತೇಲುವ ಮಾರುಕಟ್ಟೆ ನೋಡಿ, ಸಂಜೆ ವಾಪಸ್’ ಎಂದು ಬರೆದಿದ್ದ. ಆ ದಿನ ಬಸ್ಸು ನಮ್ಮನ್ನು ಇಳಿಸಿದ್ದು ಸುಮಾರು 70 ಕಿಲೋಮೀಟರ್ ದೂರದ ಮಿ ಥೋ ಪಟ್ಟಣದಲ್ಲಿ. ಬೇಸಿಗೆಯಲ್ಲಿ ದುಬಾರೆಯ ಬಂಡೆಗಳ ಮೇಲೆ ಕಾಲಿಟ್ಟು ಕಾವೇರಿ ದಾಟುವ ನಮಗೆ ಆ ಮಣ್ಣುಬಣ್ಣದ ನದಿಯ ಅಗಲ ಕಂಡು ಮಾತೇ ಹೊರಡಲಿಲ್ಲ. ಹೊಳೆ ಹುಟ್ಟುವ ಊರಿನವರು ನಾವು, ಅದು ಸಮುದ್ರ ಸೇರುವ ಕಡೆ ಏನಾಗುತ್ತದೆಂದು ತಂಜಾವೂರಿಗೂ ಹೋಗಿ ನೋಡಿದವರಲ್ಲ.

ಆಮೇಲೆ ಶುರುವಾಯಿತು. ತೆಂಗಿನ ಮಿಠಾಯಿ ಮಾಡುವ ಮನೆ, ಖರೀದಿಸಿ. ಜೇನಿನ ಚಹಾ, ಜೇನುತುಪ್ಪ ಖರೀದಿಸಿ. ಹೆಬ್ಬಾವನ್ನು ಹೆಗಲಿಗೆ ಹಾಕಿಕೊಂಡು ಫೋಟೋ, ಕಾಸು ಕೊಡಿ. ನಾಲ್ಕು ಹಾಡು, ಮುಂದೆ ಬುಟ್ಟಿ. ನೀರುತಾಳೆಯ ನಡುವಿನ ಸಣ್ಣ ಕಾಲುವೆಯಲ್ಲಿ ಕಾಲು ಗಂಟೆ ದೋಣಿ, ಇಳಿಯುವಾಗ ಮತ್ತೆ ಕೈ ಚಾಚು. ಹುಟ್ಟು ಹಾಕಿದ ಆ ಹೆಂಗಸಿಗೆ ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ, ಇಡೀ ದಿನದಲ್ಲಿ ದುಡಿದವಳು ಅವಳೊಬ್ಬಳೇ. ಮೂರು ಗಂಟೆಗೆ ಗೆಳೆಯ ಗೈಡ್‌ನನ್ನು ಕೇಳಿದ: “ಮಾರುಕಟ್ಟೆ ಎಲ್ಲಿ?” ಅವನು ನಕ್ಕುಬಿಟ್ಟ. ಅದು ಇನ್ನೂ ನೂರು ಕಿಲೋಮೀಟರ್ ಆಚೆಯ ಕನ್ ಥೋ ನಗರದ ಹತ್ತಿರ, ಕಾಯ್ ರಾಂಗ್‌ನಲ್ಲಿ. ವ್ಯಾಪಾರ ನಡೆಯುವುದು ನಸುಕಿನಲ್ಲಿ, ಬಿಸಿಲೇರುವ ಹೊತ್ತಿಗೆ ದೋಣಿಗಳು ಚದುರಿಬಿಡುತ್ತವೆ. ಹಿಂದಿನ ರಾತ್ರಿಯೇ ಕನ್ ಥೋನಲ್ಲಿ ತಂಗದೆ ಅದನ್ನು ಸರಿಯಾಗಿ ನೋಡಲಾಗದು. ಬೆಳಿಗ್ಗೆ ಹೊರಟು ಸಂಜೆ ಮರಳುವ ಪ್ರವಾಸದಲ್ಲಿ ಅದು ಸಿಗುವ ಮಾತೇ ಇಲ್ಲ.

ಹಟಕ್ಕೆ ಬಿದ್ದು ಮರುದಿನ ಸ್ವಂತ ಖರ್ಚಿನಲ್ಲಿ ಕನ್ ಥೋಗೆ ಹೋಗಿ ರಾತ್ರಿ ತಂಗಿದೆವು, ಬೆಳಗಿನ ಐದೂವರೆಗೆ ದೋಣಿ ಹತ್ತಿದೆವು. ಪ್ರತಿ ದೋಣಿಯ ಮೂತಿಯಲ್ಲೂ ಒಂದು ಗಳ, ಗಳದ ತುದಿಗೆ ಮಾರುವ ಸರಕು: ಇಲ್ಲಿ ಎಲೆಕೋಸು, ಅಲ್ಲಿ ಸಿಹಿಗೆಣಸು. ಒಂದರಲ್ಲಿ ಒಣಗರಿ ಮಾತ್ರ ನೇತಾಡುತ್ತಿತ್ತು. ದೋಣಿಯೇ ಮಾರಾಟಕ್ಕಿದೆ ಎಂಬ ಗುರುತಂತೆ ಅದು. ರಸ್ತೆಗಳು ಬಂದ ಮೇಲೆ ದೋಣಿಗಳು ತೀರ ಕಡಿಮೆಯಾಗಿವೆ, ಚಿತ್ರದಲ್ಲಿದ್ದಷ್ಟು ಕಾಣುವುದಿಲ್ಲ. ಆದರೂ ಹೋದದ್ದು ಸಾರ್ಥಕ.

ಎರಡನೇ ಪೆಟ್ಟು ಅದೇ ರಾತ್ರಿ, ಹೋ ಚಿ ಮಿನ್ ನಗರಕ್ಕೆ ಮರಳಿದಾಗ. ಬಸ್ಸಿಳಿದವರು ದಣಿವಿನಲ್ಲಿ ಮೈಮೇಲೆ ಬಂದು ಕರೆದವನ ಟ್ಯಾಕ್ಸಿ ಹತ್ತಿದೆವು. ಮೀಟರಿನಲ್ಲಿ 184 ಎಂದಿತ್ತು. ಕೊನೆಯ ಮೂರು ಸೊನ್ನೆಗಳನ್ನು ಅಲ್ಲಿ ಮನಸ್ಸಿನಲ್ಲೇ ಸೇರಿಸಿಕೊಳ್ಳಬೇಕು, ಅಂದರೆ 1,84,000 ಡಾಂಗ್. ನಾವು ಹೋದಾಗ ಒಂದು ರೂಪಾಯಿಗೆ ಸುಮಾರು 300 ಡಾಂಗ್ ಇತ್ತು. ಗೆಳೆಯ ಐದು ಲಕ್ಷದ ನೋಟು ಕೊಟ್ಟ. ಚಾಲಕ ಅದನ್ನು ದೀಪದ ಕಡೆ ತಿರುಗಿಸಿದಂತೆ ಮಾಡಿ, ಮರುಕ್ಷಣ ಇಪ್ಪತ್ತು ಸಾವಿರದ ನೋಟನ್ನು ಎತ್ತಿ ತೋರಿಸಿ, ಇದು ಸಾಲದು ಎಂಬಂತೆ ತಲೆಯಾಡಿಸಿದ. ಎರಡೂ ನೀಲಿ, ಎರಡರಲ್ಲೂ ಹೋ ಚಿ ಮಿನ್‌ರ ಮುಖ, ಎರಡೂ ನುಣುಪಾದ ಪ್ಲಾಸ್ಟಿಕ್. ಗೆಳೆಯ ಕ್ಷಮೆ ಕೇಳಿ ಇನ್ನೊಂದು ಐದು ಲಕ್ಷ ಕೊಟ್ಟ! ಚಾಲಕ ಆ ಇಪ್ಪತ್ತು ಸಾವಿರವನ್ನು ಹಿಂದಿರುಗಿಸಿ, ಚಿಲ್ಲರೆಯನ್ನೂ ಸರಿಯಾಗಿ ಎಣಿಸಿಕೊಟ್ಟ, ಮಹಾ ಸಂಭಾವಿತ.

ಹೋಟೆಲ್ಲಿನ ಮೆಟ್ಟಿಲು ಹತ್ತುವಾಗ ಗೆಳೆಯ ಗಕ್ಕನೆ ನಿಂತ. “ಮಾರಾಯ, ಚಿಲ್ಲರೆಯೆಲ್ಲ ನಿನ್ನ ಜೇಬಿನಲ್ಲಿತ್ತಲ್ಲ? ನನ್ನ ಹತ್ತಿರ ಇಪ್ಪತ್ತು ಸಾವಿರದ ನೋಟೇ ಇರಲಿಲ್ಲ!” ಸುಮಾರು 1,600 ರೂಪಾಯಿ ಹೋಗಿತ್ತು.

ಐದು ಲಕ್ಷದ ನೋಟುಗಳನ್ನು ಬೇರೆ ಜೇಬಿನಲ್ಲಿಡಿ. ಕೊಡುವಾಗ ನೋಟನ್ನು ಬಿಡಿಸಿ ಹಿಡಿದು, ಮೊತ್ತವನ್ನು ಗಟ್ಟಿಯಾಗಿ ಹೇಳಿ, ಚಾಲಕ ಹೌದೆಂದು ತಲೆಯಾಡಿಸಿದ ಮೇಲೆಯೇ ಕೈಬಿಡಿ. ಬಾಡಿಗೆ ಮೊದಲೇ ತೋರಿಸುವ ಮೊಬೈಲ್ ಆ್ಯಪ್‌ನಲ್ಲಿ ಗಾಡಿ ಕರೆಸಿಕೊಂಡರೆ ಈ ರಗಳೆಯೇ ಇಲ್ಲ. ಆದರೆ ಮೊಬೈಲನ್ನು ರಸ್ತೆಯಂಚಿನಲ್ಲಿ ಹಿಡಿದು ನಿಲ್ಲಬೇಡಿ, ಬೈಕಿನಲ್ಲಿ ಬಂದು ಕಸಿದುಕೊಂಡು ಹೋಗುವವರಿದ್ದಾರೆ. ಅಂಗಡಿಯ ಒಳಗೆ ನಿಂತು ನೋಡಿ.

ಊರಿಗೆ ಬಂದು ಏಜೆಂಟನನ್ನು ಕೇಳಿದೆ. “ದೋಣಿ ಹತ್ತಿದಿರಲ್ಲ ಅಣ್ಣ, ನೀರಿನ ಪಕ್ಕ ಅಂಗಡಿಗಳೂ ಇದ್ದವಲ್ಲ?” ಎಂದ. ಹಣದ ಮಾತೆತ್ತಿದ ಮೇಲೆ ಕರೆ ಸ್ವೀಕರಿಸುವುದನ್ನೇ ನಿಲ್ಲಿಸಿದ. ಮೊನ್ನೆ ನಮ್ಮ ಬೆಳೆಗಾರರ ವಾಟ್ಸ್‌ಆಪ್ ಗುಂಪಿಗೆ ಅದೇ ಅನಾನಸ್ ದೋಣಿಗಳ ಚಿತ್ರ ಮತ್ತೆ ಬಂದಿದೆ. ಬೆಲೆ ಮಾತ್ರ ಎರಡು ಸಾವಿರ ಹೆಚ್ಚು.