ಮಟನ್ ಸೀಖ್ ಹೇಳ್ರಿ, ಬಿಳಿ ಸಾಸ್ ಬ್ಯಾಡ ಅನ್ರಿ

ಕಲಬುರಗಿಯ ಸೇಡಂ ರಸ್ತೆ ಕಡೆ ನಮ್ಮ ಕಾಲೋನಿಯಾಗ ಹೊಸದಾಗಿ ಒಂದು ಬಾರ್ಬೆಕ್ಯೂ ಹೋಟೆಲ್ ತೆರೆದಾರ. ಹೋಗೋರು ಮಟನ್ ಸೀಖ್ ಕಬಾಬ್ ತಗೋರಿ, ಅದರ ಮ್ಯಾಲ ಏನೂ ಸುರೀಬ್ಯಾಡ್ರಿ ಅಂತ ಆರ್ಡರ್ ಕೊಡೋವಾಗೇ ಹೇಳಿಬಿಡ್ರಿ. ಇಷ್ಟು ಮಾಡಿದ್ರ ಕೊಟ್ಟ ರೊಕ್ಕಕ್ಕ ಮೋಸ ಇಲ್ಲ.

ನಾ ಜ್ವಾಳದ ರೊಟ್ಟಿ ಮಾಡಿ ಮಾರಾಕಿ. ಬೆಳಗಾದ್ರ ಹಂಚಿನ ಮುಂದ ಕುಂದ್ರೋ ಕೆಲಸ, ಹಂಗಾಗಿ ಎಲ್ಲಿ ಉಣ್ಣಾಕ ಹೋದ್ರೂ ಮೊದಲ ಬೆಂಕಿ ನೋಡ್ತೀನಿ. ಇಲ್ಲಿ ಬೆಂಕಿ ಬಾಗಿಲ ಬಾಜೂಕ, ಎಲ್ಲಾರಿಗೂ ಕಾಣೋ ಹಂಗ ಅದ. ಉದ್ದನ ಕಬ್ಬಿಣದ ಶೆಗಡಿ, ಜಾಲಿ ಕಟಗಿ ಇದ್ದಲಿ. ಅದರ ಮುಂದ ನಿಂತ ಚಾಚಾ ಒಂದು ಕಡೆ ಕೆಂಡ ದಪ್ಪಗ, ಇನ್ನೊಂದು ಕಡೆ ತೆಳ್ಳಗ ಹರವಿದ್ರು. ಹಸೀ ಸೀಖ್ ಮೊದಲು ದಪ್ಪ ಕೆಂಡದ ಮ್ಯಾಲ ಬರ್ತಿದ್ವು. ಮ್ಯಾಲಿನ ಬಣ್ಣ ತಿರುಗಿದ ಕೂಡಲೇ ತೆಳ್ಳನ ಕಡೆ ಸರಿಸ್ತಿದ್ರು. ಖಂಡದ ಕೊಬ್ಬು ಕರಗಿ ಕೆಂಡದ ಮ್ಯಾಲ ತೊಟ್ಟಿಕ್ಕಿದಾಗ ಏಳೋ ಹೊಗಿಯಿಂದನ ಕಬಾಬಿಗೆ ಆ ವಾಸನಿ ಬರೋದು. ಆದ್ರ ಅದೇ ಕೊಬ್ಬು ಭಗ್ ಅಂತ ಉರಿ ಹತ್ತಿದ್ರ ಖಂಡಕ್ಕ ಮಸಿ ಹಿಡದು ಕಹಿ ಆಗ್ತದ. ಉರಿ ಎದ್ದಾಗೊಮ್ಮೆ ಚಾಚಾ ಸೀಖ್ ಎತ್ತಿ ಹಿಡೀತಿದ್ರು, ಅದು ಕುಂತ ಮ್ಯಾಲ ತಿರುಗಿ ಇಡ್ತಿದ್ರು. "ಉರಿ ಮ್ಯಾಲ ಸುಟ್ರ ಹೊರಗ ಕರಿ, ಒಳಗ ಹಸಿ ಬೇಟಿ. ಕೆಂಡದ ಮ್ಯಾಲ ಬೇಯಬೇಕು" ಅಂದ್ರು. ಗಿರಾಕಿ ಎಷ್ಟ ಅವಸರ ಮಾಡಿದ್ರೂ ಆ ಕೈ ಗಡಿಬಿಡಿ ಮಾಡಲಿಲ್ಲ. ಈ ಹೋಟೆಲಿನ ಜೀವಾನೇ ಆ ಕೈಯಾಗ ಅದ.

ನಾಕು ಸೀಖಿನ ಪ್ಲೇಟ್ 260 ರೂಪಾಯಿ. ಬೆರಳಿಂದ ಮುರದ್ರ ಒಳಗಿನ ಖಂಡ ಅರೆದ ಹಿಟ್ಟಿನಂಗ ಇಲ್ಲ, ಕೊಚ್ಚಿದ್ದು ಕಣ್ಣಿಗೆ ಕಾಣ್ತದ, ಹಲ್ಲಿಗೂ ಸಿಗ್ತದ. ಹಸೀ ಮೆಣಸಿನಕಾಯಿ, ಶುಂಠಿ, ಕೊತಂಬರಿ ಅವ. ಗರಂ ಮಸಾಲಿ ಮೂಗಿಗೆ ಹೊಡಿಯಂಗಿಲ್ಲ. ಮ್ಯಾಲ ಹಸೀ ಉಳ್ಳಾಗಡ್ಡಿ, ನಿಂಬಿಹಣ್ಣು. ಇದಕ್ಕ ಮತ್ತೇನು ಬೇಕ್ರಿ? ಆದ್ರ ಎಲ್ಲಾ ಪ್ಲೇಟಿಗೂ ಮಯೋನೀಸ್ ಅನ್ನೋ ಬಿಳಿ ಸಾಸ್ ಹಾಕಿ ಅಡ್ಡ ಗೆರಿ ಎಳದು ಕೊಡ್ತಾರ. ಅಷ್ಟು ಚಂದ ಸುಟ್ಟ ಖಂಡದ ಮ್ಯಾಲ ತಣ್ಣನ ಎಣ್ಣಿ ರುಚಿ ಬಂದು ಕುಂದ್ರತದ. ಮಾಲಕರು ಇದನ್ನ ನಿಲ್ಲಿಸಲೇಬೇಕು.

ಮಟನ್ ಬೋಟಿ, ಅಂದ್ರ ಸುಟ್ಟ ಖಂಡದ ತುಂಡು, ನನಗ ಸೇರಲಿಲ್ಲ. ಮೆತ್ತಗಾಗ್ಲಿ ಅಂತ ಹಸೀ ಪಪ್ಪಾಯಿ ಹಚ್ಚೋದು ಎಲ್ಲಾ ಕಡೆ ಇದ್ದದ್ದೇ, ಅದರಾಗಿನ ಪಪೇನ್ ಅನ್ನೋ ಅಂಶ ಖಂಡದ ನಾರು ಸಡಲ ಮಾಡ್ತದ. ಆದ್ರ ಭಾಳ ಹೊತ್ತು ಬಿಟ್ರ ನಾರು ಉಳಿಯಂಗೇ ಇಲ್ಲ, ಬಾಯಾಗ ರಾಡಿ ಆಗ್ತದ. ಇಲ್ಲಿ ಹಂಗೇ ಆಗಿತ್ತು. ಚಿಕನ್ ಟಿಕ್ಕಾದಾಗ ಎದಿ ತುಂಡು ಒಣಗಿತ್ತು, ಕಾಲಿನ ತುಂಡು ಚಲೋ ಇತ್ತು. ಪನೀರ್ ಸಾದಾ.

ಐತ್ವಾರ ಪತ್ಥರ್ ಕಾ ಗೋಷ್ತ್ ಮಾಡ್ತಾರ, ಅದನ್ನ ಬಿಡಬ್ಯಾಡ್ರಿ. ದಪ್ಪನ ಗ್ರಾನೈಟ್ ಕಲ್ಲು ಕೆಂಡದ ಮ್ಯಾಲ ಕಾಸಿ, ತೆಳ್ಳಗ ಬಡದ ಮಟನ್ ಅದರ ಮ್ಯಾಲ ಹಾಕ್ತಾರ. ನಮ್ಮ ಜಿಲ್ಲಾದಾಗ ಮನಿ ನೆಲಕ್ಕೆಲ್ಲಾ ಶಹಾಬಾದ್ ಕಲ್ಲೇ, ಅದನ್ನ ಯಾಕ ಇಟ್ಟಿಲ್ಲ ಅಂತ ನನ್ನ ಮಗ ಕೇಳಿದ. "ಅದು ಪದರಿನ ಕಲ್ಲು ಬೇಟಾ, ಕಾಯ್ದ್ರ ಸೀಳ್ತದ" ಅಂದ್ರು ಚಾಚಾ. ಅಂಚು ಗರಿಗರಿ, ನಡುವ ರಸ, ಕಾಳಮೆಣಸಿನ ಖಾರ. ಮಗ ತನ್ನ ಪಾಲು ತಿಂದು ನನ್ನ ಪ್ಲೇಟಿಗೂ ಕೈ ಹಾಕಿದ.

ಈ ಊರು 1948ರ ತನಕ ನಿಜಾಮರ ರಾಜ್ಯದಾಗ ಇದ್ದದ್ದು. ಕಬಾಬ್, ತಾಹರಿ ಅನ್ನೋ ಮಸಾಲಿ ಅನ್ನದ ರುಚಿ ನಮ್ಮ ಮಂದಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮುಸ್ಲಿಂ ಚೌಕದ ಸೀಖ್ ತಿಂದು ಬೆಳದ ನಾಲಿಗಿಗೆ ಇಲ್ಲಿದು ಒಂದು ಕೈ ಕಮ್ಮಿನ. ಆದ್ರ ಮಕ್ಕಳನ್ನ ಕಟಗೊಂಡು, ಅತ್ತಿಯೋರನ್ನೂ ಕರಕೊಂಡು ಬಂದು ಸಾವಕಾಶ ಕುಂತು ಉಣ್ಣಾಕ ನಮ್ಮ ಕಾಲೋನಿಯಾಗ ಇಂಥಾ ಜಾಗ ಇರಲಿಲ್ಲ. ಹೆಣ್ಮಕ್ಕಳ ಜೋಡಿ ಮರ್ಯಾದಿಲೆ ಮಾತಾಡ್ತಾರ, ನೀರು ಕೇಳೋದ್ರಾಗ ತಂದಿಡ್ತಾರ.

ಒಂದು ಕೊರತಿ ಮಾತ್ರ ನನಗ ಭಾಳ ಕಾಡಿತು. ರುಮಾಲಿ ರೊಟ್ಟಿ ಅದ, ಖುಬೂಸ್ ಅನ್ನೋ ಅರಬ್ ರೊಟ್ಟಿ ಅದ, ಜ್ವಾಳದ ರೊಟ್ಟಿ ಇಲ್ಲ. ಬಿಸಿ ರೊಟ್ಟಿ ಸೀಖಿನ ಕೊಬ್ಬು ಹೀರಿಕೊಳ್ಳೋ ಹಂಗ ಮೈದಾ ಹೀರಂಗಿಲ್ಲ. ಮೈದಾ ರೊಟ್ಟಿ ಆರಿದ ಮ್ಯಾಲ ರಬ್ಬರ್. ಮಾಲಕರಿಗೆ ಹೇಳಿದೆ, ನೋಡೋಣ ಅಕ್ಕಾ ಅಂದ್ರು. ನನ್ನ ಹತ್ರಾನೇ ತಗೋರಿ ಅಂತಿಲ್ಲ, ಊರಾಗ ರೊಟ್ಟಿ ಮಾಡೋ ಹೆಣ್ಮಕ್ಕಳು ಎಷ್ಟೋ ಮಂದಿ ಅದಾರ, ಯಾರ ಹತ್ರಾದ್ರೂ ತಗೊಳ್ಳಿ.

ಬ್ಯಾಸಿಗ್ಯಾಗ 42 ಡಿಗ್ರಿ ದಾಟೋ ಊರು ನಮ್ಮದು, ಕೆಳಗಿನ ಟೇಬಲ್ ಶೆಗಡಿಗೆ ಭಾಳ ಹತ್ರ ಅವ. ಮಾಳಗಿ ಮ್ಯಾಲ ಕುಂದ್ರಿ, ಗಾಳಿ ಬರ್ತದ. ರಾತ್ರಿ ಎಂಟರ ಒಳಗ ಹೋಗ್ರಿ. ಆಮ್ಯಾಲ ಐತ್ವಾರ ಕಲ್ಲಿನ ಮಟನ್ ಉಳಿಯಂಗಿಲ್ಲ.