ಅರ್ಜೆಂಟ್ ಲೋಡ್‌ಗೆ ಅಶೋಕ್ ಲೇಲ್ಯಾಂಡ್ ದೋಸ್ತ್ ಪಿಕಪ್ ಹೇಗೆ?

ಸ್ವಂತ ಗಾಡಿ ತಗೊಂಡು ಅರ್ಜೆಂಟ್ ಲೋಡ್ ಹೊಡೆಯಬೇಕು ಅಂತ ಹೊರಟವರು ಶೋರೂಮಿಗೆ ಹೋದ ತಕ್ಷಣ ಕೇಳುವುದು, ‘ಎಷ್ಟು ಟನ್ ಎಳೆಯುತ್ತೆ?’ ಅಂತ. ಈ ಕೆಲಸಕ್ಕೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ನಾನು ಮುಂಚೆ ಪೀಣ್ಯ ಎರಡನೇ ಹಂತದ ಒಂದು ಮಷೀನ್ ಶಾಪ್‌ನಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದೆ. ರಾತ್ರಿ ಹತ್ತರ ಮೇಲೆ ನರಸಾಪುರದ ಕಾರ್ಖಾನೆಯಿಂದಲೋ ಹೊಸೂರಿನ ಕಾರ್ಖಾನೆಯಿಂದಲೋ ಫೋನ್ ಬರುತ್ತಿತ್ತು. ‘ಲೈನ್ ನಿಂತುಹೋಗುತ್ತೆ ಸಾರ್, ಫಸ್ಟ್ ಶಿಫ್ಟ್‌ಗೆ ಮಾಲು ಬೇಕೇ ಬೇಕು.’ ಮಾಲು ಅಂದ್ರೆ ಎಷ್ಟು? ಬುಷ್ ಅನ್ನುವ ಚಿಕ್ಕ ಬಿಡಿಭಾಗ ತುಂಬಿದ ಮೂರ್ನಾಲ್ಕು ಡಬ್ಬ, ಇನ್ನೂರು ಕೆಜಿ ಕೂಡ ಇರುವುದಿಲ್ಲ. ಆ ಹೊತ್ತಿನಲ್ಲಿ ಬರುವ ಗಾಡಿಯವನು ಕೇಳಿದ್ದೇ ಬಾಡಿಗೆ. ವರ್ಷಗಟ್ಟಲೆ ಅದನ್ನು ಕೊಡಿಸುತ್ತಾ ಕೂತವನು ಕೊನೆಗೆ ಕೆಲಸ ಬಿಟ್ಟು ಗಾಡಿ ತಗೊಂಡೆ. ಸೆಕೆಂಡ್ ಹ್ಯಾಂಡ್ ಅಶೋಕ್ ಲೇಲ್ಯಾಂಡ್ ದೋಸ್ತ್, ಎಲ್‌ಎಸ್ ಮಾಡೆಲ್.

2011ರಲ್ಲಿ ಲೇಲ್ಯಾಂಡ್‌ನವರು ನಿಸಾನ್ ಜೊತೆ ಸೇರಿ ತಂದ ಗಾಡಿ ಇದು. ಮೊದಲು ತಯಾರಾಗಿದ್ದೂ ನಮ್ಮ ಪಕ್ಕದ ಹೊಸೂರಿನಲ್ಲೇ. ಒಂದೂವರೆ ಲೀಟರ್, ಮೂರು ಸಿಲಿಂಡರ್ ಡೀಸೆಲ್ ಎಂಜಿನ್, ಐದು ಗೇರ್. ಶುರುವಿನ ಮಾಡೆಲ್‌ಗಳು ಒಂದೂಕಾಲು ಟನ್ ಹೊರುತ್ತವೆ. ಎಲ್‌ಎಸ್‌ನಲ್ಲಿ ಪವರ್ ಸ್ಟೀರಿಂಗ್ ಇದೆ. ಪೀಣ್ಯದ ಒಳಗಿನ ಗಲ್ಲಿಗಳಲ್ಲಿ, ಎರಡೂ ಕಡೆ ಲಾರಿ ನಿಂತಿರುವಾಗ ರಿವರ್ಸ್ ಹೊಡೆಯುವವರಿಗೆ ಅದರ ಬೆಲೆ ಗೊತ್ತು.

ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಕಾಗದಪತ್ರದ ಲೆಕ್ಕ. ಲೋಡ್ ಸೇರಿ ಒಟ್ಟು ತೂಕ 3,000 ಕೆಜಿ ಮೀರದ ಗೂಡ್ಸ್ ಗಾಡಿಗೆ ಕಾನೂನಿನ ಪ್ರಕಾರ ಪರ್ಮಿಟ್ ಬೇಡ. ದೋಸ್ತ್ ಆ ಗೆರೆಯ ಒಳಗಿದೆ. ದೊಡ್ಡ ಪಿಕಪ್‌ಗಳಲ್ಲಿ ಕೆಲವು ಗೆರೆ ದಾಟುತ್ತವೆ, ಆರ್‌ಸಿ ನೋಡದೆ ಅಡ್ವಾನ್ಸ್ ಕೊಡಬೇಡಿ. (ತಮಿಳುನಾಡಿನ ಟ್ಯಾಕ್ಸ್ ಬೇರೆ ವಿಷಯ, ಗಡಿ ದಾಟುವ ಮುಂಚೆ ವಿಚಾರಿಸಿಕೊಳ್ಳಿ.) ಕಾರಿಗೆ ಅಂತ ಮಾಡಿಸಿದ ಎಲ್‌ಎಂವಿ (ಲಘು ವಾಹನ) ಲೈಸೆನ್ಸೇ ಸಾಕು. ಒಟ್ಟು ತೂಕ 7,500 ಕೆಜಿ ಒಳಗಿನ ಸಾರಿಗೆ ವಾಹನಗಳಿಗೆ ಅದು ನಡೆಯುತ್ತದೆ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು, 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಹಳೇ ಗಾಡಿ ತಗೊಳ್ಳುವವರು ವಯಸ್ಸು ನೋಡಿ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಆಮೇಲೆ ಪ್ರತಿ ವರ್ಷ.

ಇನ್ನು ಲೋಡಿಂಗ್. ದೊಡ್ಡ ಕಂಪನಿಗಳ ಡಾಕ್ (ಮಾಲು ಹತ್ತಿಸಿ ಇಳಿಸುವ ಕಟ್ಟೆ) ಇರುವುದು ದೊಡ್ಡ ಲಾರಿಗಳ ಎತ್ತರಕ್ಕೆ. ನಮ್ಮ ಗಾಡಿಯ ಬೆಡ್ ಅದಕ್ಕಿಂತ ಸಾಕಷ್ಟು ಕೆಳಗೆ. ಮಾಲು ಹೊತ್ತ ಕೈಗಾಡಿ ತಳ್ಳಿಕೊಂಡು ಬಂದವನು ಡಾಕ್ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಾನೆ, ಆಮೇಲೆ ನನ್ನ ಮುಖ ನೋಡುತ್ತಾನೆ. ಸೆಕ್ಯುರಿಟಿಯವನಿಗೆ ಹೇಳಿ ಗಾಡಿಯನ್ನು ಡಾಕ್ ಬಿಟ್ಟು ಅಂಗಳಕ್ಕೆ ತರಬೇಕು, ಸೈಡ್ ಡೋರ್ ಇಳಿಸಬೇಕು, ಫೋರ್ಕ್‌ಲಿಫ್ಟ್‌ಗೆ ಕಾಯಬೇಕು. ರಾತ್ರಿ ಶಿಫ್ಟ್‌ನಲ್ಲಿ ಫೋರ್ಕ್‌ಲಿಫ್ಟ್ ಡ್ರೈವರ್ ಟೀಗೆ ಹೋಗಿದ್ದರೆ ಮುಗೀತು. ಮೂರೂ ಕಡೆ ಡೋರ್ ಬಿಚ್ಚುವ ಓಪನ್ ಬಾಡಿಯೇ ಇರಲಿ ಅನ್ನುವುದು ಇದಕ್ಕೇ. ಮಳೆ ಬರುತ್ತೆ ಅಂತ ಕಂಟೇನರ್ ಬಾಡಿ ಕಟ್ಟಿಸಿದವರು ಹಿಂದಿನ ಬಾಗಿಲೊಂದನ್ನೇ ನಂಬಿಕೊಂಡು ಒದ್ದಾಡುವುದನ್ನು ನೋಡಿದ್ದೇನೆ. ಒಳ್ಳೆ ಟಾರ್ಪಾಲ್ ಎರಡು ಇಟ್ಟುಕೊಳ್ಳಿ, ಸಾಕು.

ಅರ್ಧ ಖಾಲಿ ಓಡುವುದು ಈ ಕೆಲಸದ ಜಾಯಮಾನ. ಟನ್ ಹೊರಲೆಂದು ಮಾಡಿದ ಹಿಂದಿನ ಲೀಫ್ ಸ್ಪ್ರಿಂಗ್‌ಗಳಿಗೆ ಇನ್ನೂರು ಕೆಜಿ ಲೆಕ್ಕಕ್ಕೇ ಇಲ್ಲ, ಪ್ರತಿ ಹಂಪ್‌ಗೂ ಬಾಡಿ ಕುಪ್ಪಳಿಸುತ್ತದೆ. ಯಾವ ಪಿಕಪ್ ತಗೊಂಡರೂ ಇದು ಇದ್ದದ್ದೇ. ಗೇಜ್, ಡೈ, ಗ್ರೈಂಡಿಂಗ್ ಮುಗಿದ ಶಾಫ್ಟ್ ಇಂಥ ಪೆಟ್ಟು ತಾಗಬಾರದ ಮಾಲು ಇದ್ದಾಗ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಪ್ಯಾಲೆಟನ್ನು ಕ್ಯಾಬಿನ್‌ಗೆ ಒತ್ತಿಟ್ಟು, ರಾಚೆಟ್ ಬೆಲ್ಟ್‌ನಲ್ಲಿ ಬಿಗಿಯುತ್ತೇನೆ. ಹಗ್ಗ ಬೇಡ. ಕೃಷ್ಣಗಿರಿ ಮುಟ್ಟುವಷ್ಟರಲ್ಲಿ ಸಡಿಲವಾಗಿರುತ್ತದೆ.

ದುಡ್ಡಿನ ವಿಷಯ. ಖಾಲಿಗಿಂತ ಸ್ವಲ್ಪ ಜಾಸ್ತಿ ಲೋಡ್‌ನಲ್ಲಿ ನನಗೆ ಲೀಟರ್‌ಗೆ 15 ಕಿ.ಮೀ. ಆಸುಪಾಸು ಸಿಗುತ್ತದೆ. ಪೀಣ್ಯದಿಂದ ಚೆನ್ನೈ ಪಕ್ಕದ ಶ್ರೀಪೆರಂಬುದೂರಿಗೆ ಹತ್ತಿರ ಹತ್ತಿರ 300 ಕಿ.ಮೀ. ಹೋಗಿ ಬರಲು 40 ಲೀಟರ್, ಲೀಟರ್‌ಗೆ 91 ರೂಪಾಯಿ ಅಂದರೂ ಡೀಸೆಲ್ಲೇ 3,640. ಟೋಲ್ ಬೇರೆ. ಬಾಡಿಗೆ ಹೇಳುವಾಗ ವಾಪಸ್ ಖಾಲಿ ಬರುತ್ತೇನೆ ಅಂತಲೇ ಲೆಕ್ಕ ಹಾಕಿ. ರಿಟರ್ನ್ ಲೋಡ್ ಸಿಕ್ಕಿದರೆ ಅದೃಷ್ಟ, ಆದರೆ ಅದಕ್ಕೆ ಕಾಯುತ್ತಾ ಅಲ್ಲಿ ಅರ್ಧ ದಿನ ಕೂತರೆ ಇಲ್ಲಿ ಸಂಜೆ ಬರುವ ಫೋನ್ ಇನ್ನೊಬ್ಬನ ಪಾಲು.

ಇ-ವೇ ಬಿಲ್‌ನಲ್ಲಿ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ) ಗಾಡಿ ನಂಬರ್ ತುಂಬಿದ್ದಾರಾ ಅಂತ ಗೇಟ್‌ನಲ್ಲೇ ನೋಡಿಕೊಳ್ಳಿ. 200 ಕಿ.ಮೀ.ಗೆ ಒಂದು ದಿನದ ಅವಧಿ, ಹಾಗಾಗಿ ಟೈಮ್ ಬೇಕಾದಷ್ಟಿದೆ. ಎಡವಟ್ಟಾಗುವುದು ಯಾವಾಗಲೂ ನಂಬರ್‌ನಲ್ಲೇ.

ಹೊಸದು ಬಿಟ್ಟು ಹಳೇದು ಯಾಕೆ ಅಂದ್ರೆ ಇಎಂಐ. ಒಬ್ಬ ಏಜೆಂಟ್ ನನಗೆ ಕೊಡಬೇಕಾದ ಬಾಡಿಗೆಯನ್ನು ‘ಪಾರ್ಟಿ ಇನ್ನೂ ಕೊಟ್ಟಿಲ್ಲ ಅಣ್ಣ’ ಅಂತ ತಿಂಗಳುಗಟ್ಟಲೆ ಎಳೆದ. ಬ್ಯಾಂಕಿನವರು ಹಾಗೆ ಎಳೆಯಲು ಬಿಡ್ತಾರಾ? ಮೊದಲ ವರ್ಷ ಕಂತು ಚಿಕ್ಕದಿದ್ದಷ್ಟೂ ನಿದ್ದೆ ಚೆನ್ನಾಗಿ ಬರುತ್ತದೆ. ನೇರವಾಗಿ ಡಿಸ್ಪ್ಯಾಚ್‌ನವರ ಜೊತೆ ವ್ಯವಹಾರ ಇಟ್ಟುಕೊಳ್ಳಿ. ಮಾಲು ತಲುಪಿದ್ದಕ್ಕೆ ಸೀಲ್ ಹಾಕಿದ ಕಾಪಿಯ ಫೋಟೊ ಇಳಿಸಿದ ಜಾಗದಿಂದಲೇ ಕಳಿಸಿದರೆ ಅವರಿಗೂ ಬಿಲ್ ಪಾಸ್ ಮಾಡಿಸುವುದು ಸುಲಭ, ಅದು ನಾನು ಆ ಕಡೆ ಕೂತು ಕಂಡದ್ದು.

ಇದು ಎಲ್ಲರಿಗೂ ಆಗುವ ಗಾಡಿಯೇನಲ್ಲ. ಪೂರ್ತಿ ಲೋಡ್ ಹಾಕಿ ಸಕಲೇಶಪುರ ಇಳಿದು ಮಂಗಳೂರಿಗೆ ಹೋಗಿಬರುವ ಕೆಲಸವೇ ಜಾಸ್ತಿ ಇದ್ದರೆ ನಾಲ್ಕು ಸಿಲಿಂಡರ್ ಎಂಜಿನ್‌ನ ಪಿಕಪ್ ನೋಡಿ. ಕ್ಯಾಬಿನ್‌ನಲ್ಲಿ ಕಾಲು ಚಾಚಿ ಮಲಗಲು ಆಗುವುದಿಲ್ಲ, ಆರಡಿ ಆಳಾದರೆ ಕೇಳಲೇಬೇಡಿ. ಬಿಡದಿ, ನರಸಾಪುರ, ಹೊಸೂರು, ಜಿಗಣಿ, ಅಪರೂಪಕ್ಕೊಮ್ಮೆ ಚೆನ್ನೈ ಕಡೆ, ಇಷ್ಟೇ ನಿಮ್ಮ ಓಡಾಟ ಅಂತಾದರೆ ಧೈರ್ಯವಾಗಿ ತಗೊಳ್ಳಿ. ಎಸಿ ಇರುವ ಎಲ್‌ಎಕ್ಸ್ ಒಳ್ಳೆ ಕಂಡೀಷನ್‌ನಲ್ಲಿ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಏಪ್ರಿಲ್ ಮಧ್ಯಾಹ್ನ ವೆಲ್ಲೂರು ದಾಟಿದವರು ಯಾರೂ ಬೇಡ ಅನ್ನುವುದಿಲ್ಲ.