ಮಕ್ಕಳ ಶಿಲ್ಪಕ್ಕೆ ಯಾವ ಮಣ್ಣು? ಅಂಗಡಿಯ ನಾಲ್ಕು ಕ್ಲೇ, ಕುಂಬಾರರ ಒಂದು ಮುದ್ದೆ

ಸ್ಟೇಷನರಿ ಅಂಗಡಿಯಲ್ಲಿ ‘ಮಕ್ಕಳಿಗೆ ಕ್ಲೇ ಕೊಡಿ’ ಎಂದರೆ ನಾಲ್ಕು ಬಗೆಯ ವಸ್ತು ಮೇಜಿನ ಮೇಲೆ ಬರುತ್ತವೆ. ಬಣ್ಣಬಣ್ಣದ ಎಣ್ಣೆ ಕ್ಲೇ ಕಡ್ಡಿಗಳು, ಡಬ್ಬಿಯಲ್ಲಿ ಬರುವ ಹಿಟ್ಟಿನ ಡೋ, ಹತ್ತಿಯಂತೆ ಹಗುರಾದ ಫೋಮ್ ಕ್ಲೇ, ಒಣಗಿದರೆ ಬೆಳ್ಳಗೆ ಗಟ್ಟಿಯಾಗುವ ಏರ್‌ಡ್ರೈ ಕ್ಲೇ. ಹೆಸರು ಒಂದೇ, ಗುಣ ಬೇರೆ ಬೇರೆ. ಮೂರರಿಂದ ಎಂಟು ವರ್ಷದ ಮಕ್ಕಳ ಕೈಗೆ ಇವುಗಳಲ್ಲಿ ಯಾವುದು ಒಗ್ಗುತ್ತದೆ ಎಂದು ನೋಡಲು ಮೂರೇ ಪ್ರಶ್ನೆ ಸಾಕು: ಎತ್ತರಕ್ಕೆ ಕಟ್ಟಿದರೆ ನಿಲ್ಲುತ್ತದೆಯೇ, ಒತ್ತಿದ ಗುರುತು ಉಳಿಯುತ್ತದೆಯೇ, ಕೆಡಿಸಿ ಮತ್ತೆ ಮಾಡಬಹುದೇ? ಬಣ್ಣದ ವಿಷಯ ಇಲ್ಲಿ ಲೆಕ್ಕಕ್ಕಿಲ್ಲ. ಹನ್ನೆರಡು ಬಣ್ಣ ಎದುರಿಗಿಟ್ಟರೆ ಮಗು ಆನೆಯ ಬೆನ್ನು ಎಷ್ಟು ಬಾಗಿದೆ ಎಂದು ನೋಡುವುದನ್ನು ಬಿಟ್ಟು, ಸೊಂಡಿಲಿಗೆ ಯಾವ ಬಣ್ಣ ಎಂದು ಹುಡುಕಲು ಕೂರುತ್ತದೆ.

ಎಣ್ಣೆ ಕ್ಲೇಯಿಂದ ಶುರು ಮಾಡೋಣ. ಇಂಗ್ಲೆಂಡಿನ ಬಾತ್ ಊರಿನ ಕಲಾಶಿಕ್ಷಕ ವಿಲಿಯಂ ಹಾರ್ಬಟ್ 1897ರಲ್ಲಿ ರೂಪಿಸಿದ ಪ್ಲಾಸ್ಟಿಸಿನ್‌ನ ಸಂತತಿ ಇದು. ಸೀಮೆಸುಣ್ಣದಂಥ ಪುಡಿಗೆ ಮೇಣ, ಎಣ್ಣೆ ಬೆರೆತಿರುವುದರಿಂದ ಒಣಗುವುದೇ ಇಲ್ಲ. ಇಂದು ಅರ್ಧ ಮಾಡಿಟ್ಟದ್ದನ್ನು ಮುಂದಿನ ವಾರ ಮುಂದುವರಿಸಬಹುದು. ಒತ್ತಿದ ಗುರುತು ಚೆನ್ನಾಗಿ ಉಳಿಯುತ್ತದೆ, ಒಳಗೆ ತಂತಿ ಕೊಟ್ಟರೆ ಎತ್ತರಕ್ಕೂ ನಿಲ್ಲುತ್ತದೆ. ತೊಂದರೆ ಏನೆಂದರೆ, ಐದು ವರ್ಷದೊಳಗಿನ ಬೆರಳಿಗೆ ಇದು ಬಹಳ ಗಟ್ಟಿ. ಡಿಸೆಂಬರ್ ಬೆಳಿಗ್ಗೆಯಂತೂ ಕಲ್ಲಿನಂತಿರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಉಗುರುಬೆಚ್ಚನೆಯ ನೀರಿನಲ್ಲಿ ಐದು ನಿಮಿಷ ಇಟ್ಟರೆ ಮೆದುವಾಗುತ್ತದೆ. ಕಡ್ಡಿಗಳ ತೂಕವೂ ಕಡಿಮೆ, ಹಾಗಾಗಿ ಮಗು ಹೆಬ್ಬೆರಳಿನ ಗಾತ್ರದ ಗೊಂಬೆಗಿಂತ ಮೇಲೇಳುವುದಿಲ್ಲ. ನಾಲ್ಕು ದಿನದಲ್ಲಿ ಎಲ್ಲ ಬಣ್ಣ ಕಲೆತು ಕೊಳೆ ಕಂದು ಬಣ್ಣವಾಗುತ್ತದೆ. ಮನೆಯವರು ಆಗ ಬಿಸಾಡುತ್ತಾರೆ. ನಿಜಕ್ಕೂ ಅದು ಶಿಲ್ಪಕ್ಕೆ ಲಾಯಕ್ಕಾಗುವುದು ಆಗಲೇ. ಆರು ದಾಟಿದವರಿಗೆ ಕೊಳ್ಳಬಹುದು. ಕಾಗದ, ಪಾಲಿಶ್ ಮಾಡಿದ ಮೇಜು ಎರಡಕ್ಕೂ ಎಣ್ಣೆ ಕಲೆ ಹಿಡಿಯುತ್ತದೆ, ಕೆಳಗೆ ಹಳೆಯ ಹೆಂಚೋ ಸ್ಟೀಲ್ ತಟ್ಟೆಯೋ ಇರಲಿ.

ಹಿಟ್ಟಿನ ಡೋ ಎರಡು–ಮೂರು ವರ್ಷದವರಿಗೆ ಒಳ್ಳೆಯ ಆಟ, ಅಷ್ಟೇ. ಹೆಸರಾಂತ ಪ್ಲೇ-ಡೋ 1956ರಲ್ಲಿ ಆಟಿಕೆಯಾಗುವ ಮೊದಲು ಗೋಡೆಕಾಗದದ ಮಸಿ ಒರೆಸುವ ಮುದ್ದೆಯಾಗಿತ್ತು. ಮೆತ್ತಗಿರುವುದೇ ಅದರ ಕೆಲಸ. ನಾಲ್ಕು ಬೆರಳು ಎತ್ತರ ಕಟ್ಟಿದರೆ ಕುಸಿಯುತ್ತದೆ. ದುಡ್ಡು ಕೊಟ್ಟು ತರುವ ಅಗತ್ಯವೂ ಇಲ್ಲ: ಒಂದು ಲೋಟ ಮೈದಾ, ಅರ್ಧ ಲೋಟ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ಎಣ್ಣೆ, ಅಷ್ಟೇ ನಿಂಬೆರಸ. ಸಣ್ಣ ಉರಿಯಲ್ಲಿ ಮುದ್ದೆ ತಿರುವಿದಂತೆ ತಿರುವಿ, ಬಾಣಲೆಯ ಅಂಚು ಬಿಟ್ಟಾಗ ಇಳಿಸಿ ನಾದಿದರೆ ಆಯಿತು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಉಪ್ಪು ಗಾಳಿಯ ತೇವ ಹೀರಿ ಎರಡನೇ ದಿನಕ್ಕೇ ಅಂಟಂಟಾಗುತ್ತದೆ. ಆಗ ಒಂದಿಷ್ಟು ಮೈದಾ ಹಾಕಿ ಮತ್ತೆ ನಾದಬೇಕು. ನಾಯಿ ಇರುವ ಮನೆಯಲ್ಲಿ ಜೋಪಾನ, ಅಷ್ಟೊಂದು ಉಪ್ಪು ಅದರ ಹೊಟ್ಟೆಗೆ ಹೋದರೆ ಅಪಾಯ.

ಫೋಮ್ ಕ್ಲೇಗೆ ಈಗ ಭಾರಿ ಬೇಡಿಕೆ. ಕೈಗೆ ಅಂಟದು, ಮನೆ ಕೊಳೆಯಾಗದು ಎಂದು ಹೆತ್ತವರಿಗೆ ಇಷ್ಟ. ಆದರೆ ಸೂಕ್ಷ್ಮ ಟೊಳ್ಳು ಗುಳಿಗೆಗಳನ್ನು ಬೆರೆಸಿ ಹಗುರ ಮಾಡಿರುವ ಈ ವಸ್ತು ಒತ್ತಿದರೆ ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ, ಬಾಚಣಿಗೆಯ ಗೆರೆ ಮೊಂಡಾಗುತ್ತದೆ. ತೂಕವೇ ಇಲ್ಲದ್ದರಿಂದ ಮಗುವಿಗೆ ಭಾರ, ಆಧಾರ, ಸಮತೋಲ ಯಾವುದರ ಪಾಠವೂ ಆಗುವುದಿಲ್ಲ. ಒಂದು ದಿನದಲ್ಲಿ ಒಣಗಿದರೆ ಮುಗಿಯಿತು, ಮತ್ತೆ ಬಳಸಲಾಗದು. ಪೊಟ್ಟಣ ದೊಡ್ಡದು, ಒಳಗಿನ ತೂಕ ಓದಿ ನೋಡಿ. ಕೀಚೈನ್ ಮಾಡಲು ಸರಿ, ಶಿಲ್ಪಕ್ಕೆ ಬೇಡ.

ಏರ್‌ಡ್ರೈ ಕ್ಲೇ ಇವೆಲ್ಲಕ್ಕಿಂತ ಮೇಲು. ಗುಣ ಜೇಡಿಮಣ್ಣಿಗೆ ಹತ್ತಿರ, ಸುಡದೆಯೂ ಗಟ್ಟಿಯಾಗುತ್ತದೆ. ಬೆಲೆ ಮಾತ್ರ ಹೆಚ್ಚು, ಅದಕ್ಕಾಗಿ ಮಗುವಿನ ಕೈಗೆ ಸಿಗುವ ಮುದ್ದೆ ಚಿಕ್ಕದಾಗುತ್ತದೆ. ಅಂದಹಾಗೆ, ಇದೇ ಸಾಲಿನಲ್ಲಿ ‘ಕೈಯಚ್ಚು ಕಿಟ್’ ಎಂದು ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾರುವುದುಂಟು. ಗಟ್ಟಿಯಾಗುವಾಗ ಅದು ಬಿಸಿಯೇರಿ ಚರ್ಮ ಸುಡಬಲ್ಲದು. ಮಗುವಿನ ಕೈಯನ್ನು ಅದರೊಳಗೆ ಎಂದೂ ಇಡಿಸಬಾರದು.

ಇನ್ನು ಕುಂಬಾರರ ಜೇಡಿಮಣ್ಣು. ಮೂರು ಪ್ರಶ್ನೆಗೂ ಇದು ಹೌದು ಎನ್ನುತ್ತದೆ, ಬೆಲೆಯಲ್ಲೂ ಅಗ್ಗ. ಬೆಂಗಳೂರಿನವರಿಗೆ ಪಾಟರಿ ಟೌನ್ ಇದೆ, ಬೇರೆ ಊರುಗಳಲ್ಲಿ ಗಣೇಶನ ಮೂರ್ತಿ ಮಾಡುವವರನ್ನು ಕೇಳಿ. ‘ಸೋಸಿ ನಾದಿದ ಮಣ್ಣು’ ಎಂದೇ ಕೇಳಬೇಕು, ಕೆರೆಯಿಂದ ಬಂದ ಹಸಿಮಣ್ಣಿನಲ್ಲಿ ಕಲ್ಲು, ಗಾಜಿನ ಚೂರು ಇರಬಹುದು. ಹಬ್ಬಕ್ಕೆ ಮುಂಚಿನ ಎರಡು ತಿಂಗಳು ಅವರಿಗೆ ಪುರಸೊತ್ತಿರುವುದಿಲ್ಲ, ದೀಪಾವಳಿ ಕಳೆದ ಮೇಲೆ ಹೋಗುವುದು ಲೇಸು. ಒಂದು ಮಗುವಿಗೆ ಒಂದು ಕಿಲೋ ಲೆಕ್ಕ. ಎರಡು ಸುತ್ತು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ.

ಹದ ನೋಡುವ ಬಗೆ ಹೀಗೆ: ಬೆರಳು ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ. ಮೇಲೆ ಬಿರುಕು ಬಿಟ್ಟರೆ ಒಣಗಿದೆ, ಅಂಗೈಗೆ ಮೆತ್ತಿಕೊಂಡರೆ ನೀರು ಹೆಚ್ಚಾಗಿದೆ. ಒಣಗಿದ ಮುದ್ದೆಗೆ ಹೆಬ್ಬೆರಳಿನಿಂದ ಗುಳಿ ಮಾಡಿ, ಒಂದೊಂದು ಚಮಚ ನೀರು ಬಿಟ್ಟು, ಒದ್ದೆ ಬಟ್ಟೆ ಸುತ್ತಿ ರಾತ್ರಿಯಿಡೀ ಇಡಿ. ನೀರಾದ ಮಣ್ಣನ್ನು ಒಣ ಇಟ್ಟಿಗೆಯ ಮೇಲೆ ಹಚ್ಚಿ ಅರ್ಧ ಗಂಟೆ ಬಿಟ್ಟರೆ ಇಟ್ಟಿಗೆಯೇ ನೀರು ಹೀರುತ್ತದೆ. ನುಣುಪು ಮೇಜಿಗೆ ಮಣ್ಣು ಅಂಟುತ್ತದೆ, ಅದಕ್ಕೆ ಪ್ಲೈವುಡ್ ಹಲಗೆಯ ಮೇಲೆ ಹಳೆಯ ಹತ್ತಿ ಸೀರೆಯ ತುಂಡು ಹಾಸಿ. ಉಪಕರಣಕ್ಕೆ ಐಸ್‌ಕ್ರೀಮ್ ಕಡ್ಡಿ, ಬಾಚಣಿಗೆ, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಬಟ್ಟಲು ತುಂಬ ನೀರು ಕೊಡಬೇಡಿ. ಮಕ್ಕಳು ಸವರಿ ಸವರಿ ಹತ್ತು ನಿಮಿಷದಲ್ಲಿ ಎಲ್ಲವನ್ನೂ ರಾಡಿ ಮಾಡಿಡುತ್ತಾರೆ. ಬಾಟಲಿ ಮುಚ್ಚಳದಷ್ಟು ನೀರು, ಜೊತೆಗೊಂದು ಒದ್ದೆ ಸ್ಪಂಜು ಧಾರಾಳವಾಯಿತು.

ನಾಲ್ಕು ಕಾಲಿನ ಆನೆಯನ್ನು ಮೊದಲ ದಿನವೇ ಮಾಡಿಸುವುದು ಎಲ್ಲರೂ ಮಾಡುವ ತಪ್ಪು. ಮಗು ಶಾವಿಗೆಯಂಥ ಕಾಲು ಅಂಟಿಸುತ್ತದೆ, ಮೈಭಾರಕ್ಕೆ ಅದು ಮಲಗುತ್ತದೆ, ಮಗು ಅಳುತ್ತದೆ. ಮೂಸಂಬಿ ಗಾತ್ರದ ಮುದ್ದೆ ಕೊಟ್ಟು ಅದರಿಂದಲೇ ಕಾಲು, ಸೊಂಡಿಲು ಎಳೆದು ತೆಗೆಯಲು ಹೇಳಿ. ಅಂಟಿಸಿದ ಭಾಗವೇ ಇಲ್ಲದಿದ್ದರೆ ಬೀಳುವ ಭಾಗವೂ ಇರುವುದಿಲ್ಲ. ಕಿವಿಯನ್ನು ಅಂಟಿಸಲೇಬೇಕಾದರೆ ಎರಡೂ ಕಡೆ ಕಡ್ಡಿಯಿಂದ ಗೀರು ಹಾಕಿ, ದೋಸೆಹಿಟ್ಟಿನಷ್ಟು ತೆಳುವಾದ ಮಣ್ಣಿನ ರಾಡಿ ಸವರಿ, ಒತ್ತಿ, ಸೇರಿದ ಜಾಗವನ್ನು ಬೆರಳಿನಿಂದ ತೀಡಬೇಕು. ಬರೀ ನೀರು ಹಚ್ಚಿ ಅಂಟಿಸಿದ್ದು ಒಣಗಿದ ದಿನವೇ ಉದುರುತ್ತದೆ.

ಅದಕ್ಕಿಂತ ಸುಲಭವಾದದ್ದು ಉಬ್ಬುಶಿಲ್ಪ, ಅಂದರೆ ಹಲಗೆಯ ಮೇಲೆ ಆಕಾರ ಉಬ್ಬಿ ನಿಲ್ಲುವ ಶಿಲ್ಪ. ಒಂದೂವರೆ ಸೆಂಟಿಮೀಟರ್ ದಪ್ಪದ ಎರಡು ಮರದ ರೀಪರ್ ಪಟ್ಟಿಗಳ ನಡುವೆ 650 ಗ್ರಾಂ ಮಣ್ಣಿಟ್ಟು ಲಟ್ಟಣಿಗೆಯಿಂದ ಲಟ್ಟಿಸಿದರೆ ಸುಮಾರು 15 ಸೆಂಟಿಮೀಟರ್ ಚೌಕದ ಹಲಗೆ ಸಿಗುತ್ತದೆ. ಅದರ ಮೇಲೆ ಆನೆ ಮಾಡಿದರೆ ಕಾಲು ಭಾರ ಹೊರಬೇಕಾಗಿಲ್ಲ. ಒಣಗಿಸುವಾಗ ಮಾತ್ರ ಅವಸರ ಕೂಡದು. ಬಿಸಿಲಿಗಿಟ್ಟರೆ ಅಂಚು ಮೊದಲು ಒಣಗಿ ಕುಗ್ಗುತ್ತದೆ, ನಡುಭಾಗ ಇನ್ನೂ ಹಸಿಯಿರುತ್ತದೆ, ಆ ಎಳೆದಾಟಕ್ಕೆ ಹಲಗೆ ಸೊಟ್ಟಗಾಗಿ ಬಿರಿಯುತ್ತದೆ. ಮೇಲೂ ಕೆಳಗೂ ಪತ್ರಿಕೆ ಇಟ್ಟು, ನೆರಳಿನಲ್ಲಿ ವಾರವೊಂದು ಬಿಡಿ. ಎರಡನೇ ದಿನದಿಂದ ದಿನಕ್ಕೊಮ್ಮೆ ಮಗುಚಿ. ಮಣ್ಣಿಗೆ ಹತ್ತನೇ ಒಂದು ಪಾಲು ಜರಡಿ ಹಿಡಿದ ಮರಳು ಬೆರೆಸಿದರೆ ಬಿರುಕು ಇನ್ನೂ ಕಡಿಮೆ. ಕುಂಬಾರರು ಮಡಕೆ ಸುಡುವ ಆವಿಗೆಯಲ್ಲಿ ಸುಡಿಸುವ ಆಸೆಯಿದ್ದರೆ, ಮುದ್ದೆಯಿಂದ ಮಾಡಿದ ಆನೆ ಎಳೆ ಕೊಬ್ಬರಿಯಷ್ಟು ಗಟ್ಟಿಯಾದಾಗ ಅಡಿಯಿಂದ ಚಮಚದಲ್ಲಿ ತೋಡಿ ಬೆರಳು ದಪ್ಪದ ಗೋಡೆ ಉಳಿಸಿ. ಇಲ್ಲದಿದ್ದರೆ ಒಳಗಿನ ತೇವ ಹಬೆಯಾಗಿ ಆನೆ ಸಿಡಿಯುತ್ತದೆ, ಪಕ್ಕದವರ ಮಡಕೆಗೂ ಏಟು.

ಉಬ್ಬುಶಿಲ್ಪ ಮಾಡಿದ ಮಗುವಿಗೆ ಹಳೇಬೀಡು ಬೇರೆಯೇ ಊರಾಗಿ ಕಾಣುತ್ತದೆ. ಹೊಯ್ಸಳೇಶ್ವರದ ಹೊರಗೋಡೆಯ ಪಟ್ಟಿಕೆಗಳಲ್ಲಿ ತೀರ ಕೆಳಗಿನದು ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಇನ್ನೂ ಮೇಲೆ ಪುರಾಣ ಕಥೆ, ಮಕರ, ಹಂಸ. ದೊಡ್ಡವರು ಬಗ್ಗಿ ನೋಡಬೇಕಾದ ಆನೆಗಳು ಮಕ್ಕಳ ಕಣ್ಣಿಗೆ ಎದುರೆದುರೇ ಸಿಗುತ್ತವೆ. ಗೈಡ್ ಹೇಳುವ ರಾಜರ ಇಸವಿಗಳನ್ನು ಪಕ್ಕಕ್ಕಿಟ್ಟು ಎರಡೇ ಕೆಲಸ ಕೊಡಿ: ಹತ್ತು ಆನೆಗಳಲ್ಲಿ ಸೊಂಡಿಲು ಏನೇನು ಮಾಡುತ್ತಿದೆ ನೋಡು, ನೆರಳು ಎಲ್ಲಿ ಕಪ್ಪಾಗಿದೆ, ಅಲ್ಲಿ ಎಷ್ಟು ಆಳ ಕೆತ್ತಿರಬಹುದು ಹೇಳು. ಓರೆ ಬಿಸಿಲು ಬೀಳುವ ಬೆಳಿಗ್ಗೆ ಅಥವಾ ಸಂಜೆ ಹೋದರೆ ಮಾತ್ರ ಆ ನೆರಳು ಕಾಣುವುದು. ನಡುಮಧ್ಯಾಹ್ನ ಎಲ್ಲವೂ ಚಪ್ಪಟೆ. ಶಿಲ್ಪಗಳನ್ನು ಮುಟ್ಟಲು ಬಿಡಬಾರದು, ಕೈಯ ಬೆವರು, ಎಣ್ಣೆ ಕಲ್ಲಿಗೆ ಹಿಡಿಯುತ್ತದೆ. ಮುಟ್ಟುವ ಚಪಲಕ್ಕೆ ಮನೆಯಲ್ಲೇ ದಾರಿ ಇದೆ: ಬಟ್ಟೆ ಚೀಲದೊಳಗೆ ಚನ್ನಪಟ್ಟಣದ ಮರದ ಗೊಂಬೆಯೊಂದನ್ನು ಹಾಕಿ, ನೋಡದೆ ತಡವಿ, ಅದೇ ಆಕಾರವನ್ನು ಮಣ್ಣಿನಲ್ಲಿ ಮಾಡಿಸುವುದು.

ಹಳೇಬೀಡಿನಂಥ ಹೊಯ್ಸಳ ಗುಡಿಗಳ ಕಲ್ಲಿಗೆ ಬಳಪದ ಕಲ್ಲು ಎಂಬ ಹೆಸರೇ ಇದೆ. ಗಣಿಯಿಂದ ಬಂದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಕಲ್ಲು. ಏಳು ದಾಟಿದ ಮಗುವಿಗೆ ಕೆತ್ತನೆ ಅಂದರೇನೆಂದು ತೋರಿಸಲು ಮೈಸೋಪಿನ ಬಿಲ್ಲೆ ಸಾಕು, ಕಾಗದದಿಂದ ಆಗಷ್ಟೇ ಬಿಚ್ಚಿದ ಹೊಸ ಬಿಲ್ಲೆ. ತಿಂಗಳುಗಟ್ಟಲೆ ಒಣಗಿದ್ದು ಪದರ ಪದರವಾಗಿ ಒಡೆಯುತ್ತದೆ. ಬಟ್ಟೆ ಸೋಪು ಬೇಡ, ಕೈ ಉರಿಯುತ್ತದೆ. ಮೊನೆ ಮಾಡಿದ ಐಸ್‌ಕ್ರೀಮ್ ಕಡ್ಡಿಯಿಂದ ತನ್ನಿಂದ ಆಚೆಗೆ ಕೆರೆಯಲು ಕಲಿಸಿ, ಮೂಲೆಗಳನ್ನು ಮೊದಲು ದುಂಡಗೆ ಮಾಡಿಸಿ, ಮೀನಿನಂಥ ತುಂಬು ಆಕಾರ ಆರಿಸಿ. ಮಣ್ಣಿನಲ್ಲಿ ಕಿತ್ತದ್ದನ್ನು ಮತ್ತೆ ಮೆತ್ತಬಹುದು, ಸೋಪಿನಲ್ಲಿ ಬಾಲ ಮುರಿದರೆ ಮೀನು ಚಿಕ್ಕದಾಗಬೇಕು ಅಷ್ಟೇ. ತುರಿಯನ್ನು ಒಟ್ಟುಮಾಡಿ ಬಚ್ಚಲಿಗಿಡಿ.

ಮಣ್ಣಿನ ಕೈಯನ್ನು ಮಾತ್ರ ಸಿಂಕಿನಲ್ಲಿ ತೊಳೆಸಬೇಡಿ, ಪೈಪು ಕಟ್ಟುತ್ತದೆ. ಬಕೆಟ್ಟಿನಲ್ಲಿ ತೊಳೆದು, ಮಣ್ಣು ತಳಕ್ಕಿಳಿದ ಮೇಲೆ ತಿಳಿನೀರು ಗಿಡಕ್ಕೆ, ಕೆಳಗಿನ ಗಸಿ ಮತ್ತೆ ಮುದ್ದೆಗೆ. ನೆಲದ ಮೇಲೆ ಒಣಗಿದ ಮಣ್ಣನ್ನು ಪೊರಕೆಯಲ್ಲಿ ಗುಡಿಸಿದರೆ ಸೂಕ್ಷ್ಮ ಧೂಳು ಎದೆಗೆ ಹೋಗುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಮುರಿದ ಆನೆಗಳನ್ನು ಪೂರಾ ಒಣಗಿಸಿ ಚೂರು ಮಾಡಿ ನೀರಿಗೆ ಹಾಕಿ. ಅರೆಹಸಿ ಉಂಡೆ ವಾರವಾದರೂ ಕರಗುವುದಿಲ್ಲ, ಒಣಗಿದ ಚೂರು ಗಂಟೆಯೊಳಗೆ ತಾನೇ ಬಿಚ್ಚಿಕೊಳ್ಳುತ್ತದೆ.